ಬೆಕ್‌ವಿತ್–ವೀಡೆಮನ್ ಸಿಂಡ್ರೋಮ್ ಇರುವ ಮಗುವಿಗೆ ಅರಿವಳಿಕೆ: ಹರ್ನಿಯಾ ಆಪರೇಷನ್ ಊರಿನಲ್ಲೇ ಮಾಡಿಸಬಹುದೇ?

ಪ್ರಶ್ನೆ (ಮಗುವಿನ ತಂದೆ, ಹಾವೇರಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಒಂದು ವರ್ಷ ಎರಡು ತಿಂಗಳು. ಹುಟ್ಟಿದ ಮರುದಿನವೇ ರಕ್ತದಲ್ಲಿನ ಸಕ್ಕರೆ ಅಂಶ ಕುಸಿದು ಅವಳನ್ನು ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಿಸಬೇಕಾಯಿತು. ನಾಲಿಗೆ ಬಾಯಿಯಿಂದ ಹೊರಗೆ ಚಾಚಿಕೊಂಡಿದ್ದುದನ್ನೂ, ಕಿವಿಯ ಹಾಲೆಯ ಮೇಲೆ ಗೀರಿನಂತಹ ಗೆರೆಗಳಿದ್ದುದನ್ನೂ, ಹೊಕ್ಕುಳು ಉಬ್ಬಿದ್ದುದನ್ನೂ ಗಮನಿಸಿದ ಮಕ್ಕಳ ತಜ್ಞರು ಬೆಕ್‌ವಿತ್–ವೀಡೆಮನ್ ಸಿಂಡ್ರೋಮ್ (ದೇಹದ ಕೆಲವು ಭಾಗಗಳು ಅತಿಯಾಗಿ ಬೆಳೆಯುವ, ಹುಟ್ಟಿನಿಂದಲೇ ಬರುವ ಸ್ಥಿತಿ) ಇರಬಹುದೆಂದು ಅನುಮಾನಿಸಿದರು. ಆಮೇಲೆ ಜೀನ್‌ಗಳನ್ನು ನೋಡುವ ಮಿಥೈಲೇಷನ್ ಪರೀಕ್ಷೆಯಲ್ಲಿ ಅದು ಖಚಿತವಾಯಿತು. ಸಕ್ಕರೆ ಇಳಿಯದಿರಲೆಂದು ಕೆಲವು ತಿಂಗಳು ಡಯಾಜಾಕ್ಸೈಡ್ ಔಷಧಿ ಕೊಟ್ಟಿದ್ದೆವು, ಈಗ ನಿಲ್ಲಿಸಿದ್ದಾರೆ. ಅವಳ ತೂಕ 12.8 ಕೆ.ಜಿ. ಇದೆ, ನೋಡಿದವರೆಲ್ಲ ಎರಡೂವರೆ ವರ್ಷದ ಮಗುವೆಂದೇ ತಿಳಿಯುತ್ತಾರೆ. ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆಯುತ್ತಾಳೆ. ಅಂಗಾತ ಮಲಗಿಸಿದರೆ ಉಸಿರು ಸಿಕ್ಕಿಕೊಂಡಂತಾಗುವುದರಿಂದ ಯಾವಾಗಲೂ ಮಗ್ಗುಲಾಗಿಯೇ ಮಲಗಿಸುತ್ತೇವೆ.

ನಮ್ಮ ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮಿನ ಸರ್ಜನ್ ಒಬ್ಬರು ಹೊಕ್ಕುಳ ಹರ್ನಿಯಾವನ್ನು ಈಗಲೇ ಸರಿಪಡಿಸಿಬಿಡೋಣ, ಅರ್ಧ ಗಂಟೆಯ ಕೆಲಸ ಎನ್ನುತ್ತಿದ್ದಾರೆ. ಪೂರ್ತಿ ಅನಸ್ತೇಷಿಯಾ (ಅರಿವಳಿಕೆ) ಬೇಕಿಲ್ಲ, ಸ್ವಲ್ಪ ನಿದ್ದೆ ಬರಿಸಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಸಾಕು ಎಂಬುದು ಅವರ ಅಭಿಪ್ರಾಯ. ಹಿಂದಿನ ರಾತ್ರಿ ಹತ್ತರ ನಂತರ ಮಗುವಿಗೆ ನೀರು ಸಹ ಕೊಡಬಾರದು ಎಂದೂ ಹೇಳಿದ್ದಾರೆ. ಆದರೆ ನಮ್ಮ ಮಕ್ಕಳ ತಜ್ಞರು, ಇಂತಹ ಮಗುವಿಗೆ ಸಣ್ಣ ಆಪರೇಷನ್ ಆದರೂ ದೊಡ್ಡ ಊರಿನಲ್ಲೇ ಆಗಲಿ ಎಂದು ಪಟ್ಟು ಹಿಡಿದಿದ್ದಾರೆ. ಇಬ್ಬರ ಮೇಲೂ ನಮಗೆ ಗೌರವವಿದೆ. ಅನಸ್ತೇಷಿಯಾದ ವಿಚಾರದಲ್ಲಿ ಈ ಸಿಂಡ್ರೋಮ್ ಅಷ್ಟೊಂದು ವ್ಯತ್ಯಾಸ ಮಾಡುತ್ತದೆಯೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1 (ಮಕ್ಕಳ ಅರಿವಳಿಕೆ ತಜ್ಞೆ, ಬೆಂಗಳೂರು)

ನಮಸ್ಕಾರ. ತಮ್ಮ ಮಗಳನ್ನು ನಾನು ಪರೀಕ್ಷಿಸಿಲ್ಲ. ಆದ್ದರಿಂದ ಇಲ್ಲಿ ಬರೆಯುವುದು ಈ ಸಿಂಡ್ರೋಮಿನ ಮಕ್ಕಳ ವಿಷಯದಲ್ಲಿ ಅರಿವಳಿಕೆ ತಜ್ಞರು ಹೇಗೆ ಯೋಚಿಸುತ್ತಾರೆ ಎಂಬುದನ್ನು ಮಾತ್ರ. ಆದರೂ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಮಕ್ಕಳ ತಜ್ಞರು ಹಿಡಿದ ಪಟ್ಟು ಸರಿಯಾದುದು.

ಅಮೆರಿಕದ ರೋಗಶಾಸ್ತ್ರಜ್ಞ ಬೆಕ್‌ವಿತ್ 1963ರಲ್ಲಿ, ಜರ್ಮನಿಯ ಮಕ್ಕಳ ತಜ್ಞ ವೀಡೆಮನ್ 1964ರಲ್ಲಿ ಪ್ರತ್ಯೇಕವಾಗಿ ವಿವರಿಸಿದ ಈ ಸ್ಥಿತಿ ಸುಮಾರು 10 ಸಾವಿರ ಜನನಗಳಲ್ಲಿ ಒಂದು ಮಗುವಿನಲ್ಲಿ ಕಾಣಿಸಿಕೊಳ್ಳುತ್ತದೆ. 11ನೇ ವರ್ಣತಂತುವಿನ ಒಂದು ಭಾಗದಲ್ಲಿ ತಾಯಿಯಿಂದ ಬಂದ ಪ್ರತಿ ಮತ್ತು ತಂದೆಯಿಂದ ಬಂದ ಪ್ರತಿ ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡಬೇಕು. ಆ ಏರ್ಪಾಡು ತಪ್ಪಿದಾಗ ಬೆಳವಣಿಗೆಯನ್ನು ಹೆಚ್ಚಿಸುವ ಜೀನ್‌ಗಳ ಕೈ ಮೇಲಾಗುತ್ತದೆ. ನಾಲಿಗೆ, ಯಕೃತ್ತು, ಮೂತ್ರಪಿಂಡ, ಮೇದೋಜೀರಕ ಗ್ರಂಥಿ, ಕೆಲವೊಮ್ಮೆ ದೇಹದ ಒಂದು ಪಾರ್ಶ್ವವೇ ಹೆಚ್ಚು ಬೆಳೆಯುತ್ತದೆ. ಇವುಗಳಲ್ಲಿ ನಮ್ಮ ನಿದ್ದೆ ಕೆಡಿಸುವುದು ಮೊದಲನೆಯದಾಗಿ ನಾಲಿಗೆ.

ಎಚ್ಚರವಿರುವ ಮಗು ತನ್ನ ನಾಲಿಗೆಯನ್ನು ತಾನೇ ಮುಂದಕ್ಕೆ ಹಿಡಿದಿಟ್ಟುಕೊಂಡಿರುತ್ತದೆ. ನಿದ್ದೆಯಲ್ಲಿ ಆ ಸ್ನಾಯುಗಳು ಸ್ವಲ್ಪ ಸಡಿಲವಾಗುತ್ತವೆ. ತಾವು ಮಗ್ಗುಲಾಗಿ ಮಲಗಿಸುವುದು ಇದೇ ಕಾರಣಕ್ಕೆ. ಅರಿವಳಿಕೆಯಲ್ಲಿ ಅವು ಪೂರ್ತಿಯಾಗಿ ಸಡಿಲವಾಗುತ್ತವೆ, ದಪ್ಪ ನಾಲಿಗೆ ಹಿಂದಕ್ಕೆ ಜಾರಿ ಗಂಟಲಿನ ಹಿಂಭಾಗಕ್ಕೆ ಅಂಟಿಕೊಳ್ಳುತ್ತದೆ, ಮಾಸ್ಕಿನ ಮೂಲಕ ಎಷ್ಟು ಒತ್ತಿದರೂ ಗಾಳಿ ಒಳಗೆ ಹೋಗದಂತಾಗಬಹುದು. ಒಂದು ಕೆ.ಜಿ. ತೂಕಕ್ಕೆ ಲೆಕ್ಕ ಹಾಕಿದರೆ ಸಣ್ಣ ಮಕ್ಕಳು ದೊಡ್ಡವರಿಗಿಂತ ಸುಮಾರು ಎರಡು ಪಟ್ಟು ಆಮ್ಲಜನಕವನ್ನು ಬಳಸುತ್ತಾರೆ; ಹಾಗಾಗಿ ಉಸಿರು ನಿಂತ ಮೇಲೆ ಮಾನಿಟರಿನಲ್ಲಿ ಆಮ್ಲಜನಕದ ಸಂಖ್ಯೆ ಕುಸಿಯುವ ಹೊತ್ತಿಗೆ ನಮ್ಮ ಕೈಯಲ್ಲಿ ಉಳಿದಿರುವ ಸಮಯ ಬಹಳ ಕಡಿಮೆ.

ಈ ಹಿನ್ನೆಲೆಯಲ್ಲಿ "ಸ್ವಲ್ಪ ನಿದ್ದೆ ಬರಿಸಿ" ಎಂಬ ಸಲಹೆಯನ್ನು ನೋಡಬೇಕು. ಕೇಳುವುದಕ್ಕೆ ಅದು ಸೌಮ್ಯವಾದ ದಾರಿಯಂತೆ ಕಾಣುತ್ತದೆ. ಈ ಮಗುವಿಗೆ ಎಲ್ಲಕ್ಕಿಂತ ಅಪಾಯದ ದಾರಿ ಅದೇ. ಹದಿನಾಲ್ಕು ತಿಂಗಳ ಮಗು ಬೆನ್ನಿನ ಇಂಜೆಕ್ಷನ್‌ಗೆ ಅಲುಗಾಡದೆ ಕುಳಿತಿರುವುದಿಲ್ಲ, ಆಪರೇಷನ್ ಮುಗಿಯುವವರೆಗೆ ಸುಮ್ಮನೆ ಮಲಗುವುದೂ ಇಲ್ಲ. ನಿದ್ದೆಯ ಔಷಧಿ ಕೊಡುತ್ತಾ ಹೋಗಬೇಕಾಗುತ್ತದೆ, ಮಗು ಅಂಗಾತ ಮಲಗಿರುತ್ತದೆ, ಉಸಿರಿನ ದಾರಿಯಲ್ಲಿ ಯಾವ ನಳಿಕೆಯೂ ಇರುವುದಿಲ್ಲ, ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿರುತ್ತಾರೆ. ಪೂರ್ತಿ ಅರಿವಳಿಕೆ ಕೊಟ್ಟು ಉಸಿರಿನ ದಾರಿಯನ್ನು ನಳಿಕೆಯಿಂದ ಭದ್ರಪಡಿಸುವುದು ಇದಕ್ಕಿಂತ ಎಷ್ಟೋ ಸುರಕ್ಷಿತ. ಬೆನ್ನಿನ ಕೆಳಭಾಗದ ಇಂಜೆಕ್ಷನ್‌ಗೂ ಸ್ಥಾನವಿದೆ, ಆದರೆ ಅದು ಪೂರ್ತಿ ಅರಿವಳಿಕೆಯ ಜೊತೆಗೆ. ಅದರಿಂದ ನೋವು ಕಡಿಮೆಯಾಗಿ ಮಾರ್ಫಿನ್‌ನಂತಹ ಔಷಧಿಯ ಅಗತ್ಯ ತಗ್ಗುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟುವ ಮಕ್ಕಳಲ್ಲಿ ಆ ಔಷಧಿಗಳು ಉಸಿರನ್ನು ಇನ್ನಷ್ಟು ಕುಗ್ಗಿಸುವುದರಿಂದ ಇದು ಸಣ್ಣ ಲಾಭವೇನಲ್ಲ.

ಸಾಮಾನ್ಯವಾಗಿ ನಾವು ನಡೆದುಕೊಳ್ಳುವ ಕ್ರಮ ಹೀಗಿದೆ. ವಾರ್ಡಿನಲ್ಲಿ ಮೊದಲೇ ಮಂಪರಿನ ಸಿರಪ್ ಕೊಡುವುದಿಲ್ಲ. ಕೈಗೆ ಮರಗಟ್ಟಿಸುವ ಕ್ರೀಮ್ ಹಚ್ಚಿ ಸುಮಾರು ಒಂದು ಗಂಟೆ ಬಿಟ್ಟು, ಮಗು ಎಚ್ಚರವಿರುವಾಗಲೇ ಡ್ರಿಪ್‌ನ ಸೂಜಿ ಹಾಕಲು ಪ್ರಯತ್ನಿಸುತ್ತೇವೆ. ಆನಂತರ ಆಮ್ಲಜನಕದ ಜೊತೆ ಸೆವೋಫ್ಲುರೇನ್ ಅನಿಲವನ್ನು ನಿಧಾನವಾಗಿ ಕೊಟ್ಟು, ಮಗು ತಾನಾಗಿಯೇ ಉಸಿರಾಡುತ್ತಿರುವಂತೆ ನೋಡಿಕೊಂಡೇ ಅರಿವಳಿಕೆಯನ್ನು ಆಳಗೊಳಿಸುತ್ತೇವೆ. ಮಾಸ್ಕಿನಿಂದ ಗಾಳಿ ಸಲೀಸಾಗಿ ಹೋಗುತ್ತದೆ ಎಂಬುದು ಖಚಿತವಾಗುವವರೆಗೆ ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧಿಯನ್ನು ಮುಟ್ಟುವುದಿಲ್ಲ. ದಾರಿ ಕಟ್ಟಿತೆಂದರೆ ಮಗುವನ್ನು ಮಗ್ಗುಲಿಗೆ ತಿರುಗಿಸುವುದು, ಮೂಗಿನ ಮೂಲಕ ಗಂಟಲಿನವರೆಗೆ ಹೋಗುವ ಮೆದುವಾದ ಕೊಳವೆ ಇಳಿಸುವುದು, ನಾಲಿಗೆಯನ್ನು ಹಿಡಿದು ಮುಂದಕ್ಕೆ ಎಳೆಯುವುದು. ಇವೆಲ್ಲ ಬಹಳ ಸರಳವಾದ, ಆದರೆ ಕೆಲಸಕ್ಕೆ ಬರುವ ಉಪಾಯಗಳು. ಗಂಟಲಿನ ಒಳಭಾಗವನ್ನು ಕ್ಯಾಮೆರಾದಿಂದ ತೋರಿಸುವ ವಿಡಿಯೋ ಲ್ಯಾರಿಂಗೋಸ್ಕೋಪ್, ಗಂಟಲಿನಲ್ಲಿ ಕೂರುವ ಲ್ಯಾರಿಂಜಿಯಲ್ ಮಾಸ್ಕ್, ಮೂಗಿನ ಮೂಲಕ ಸಾಗುವ ತೆಳುವಾದ ಫೈಬರ್ ಆಪ್ಟಿಕ್ ಸ್ಕೋಪ್ ಇವೆಲ್ಲ ಮಗುವಿನ ಅಳತೆಯಲ್ಲಿ ಕೈಗೆಟುಕುವಂತಿರಬೇಕು. ಎರಡನೆಯ ಅರಿವಳಿಕೆ ತಜ್ಞರೊಬ್ಬರು ಕೋಣೆಯಲ್ಲಿರಬೇಕು, ಅಗತ್ಯ ಬಿದ್ದರೆ ಕತ್ತಿನಲ್ಲಿ ಉಸಿರಿಗೆ ದಾರಿ ಮಾಡಬಲ್ಲ ಇಎನ್‌ಟಿ ಸರ್ಜನ್ ಹತ್ತಿರದಲ್ಲೇ ಇರಬೇಕು.

ಅಂದ ಹಾಗೆ, ಈ ಮಕ್ಕಳಲ್ಲಿ ಅನೇಕರಿಗೆ ನಳಿಕೆ ಹಾಕುವುದು ನಿರೀಕ್ಷಿಸಿದಷ್ಟು ಕಷ್ಟವಾಗುವುದಿಲ್ಲ. ಆದರೆ ಯಾವ ಮಗುವಿಗೆ ಆಗುತ್ತದೆ ಎಂಬುದು ಮುಂಚಿತವಾಗಿ ತಿಳಿಯುವುದಿಲ್ಲ. ವಯಸ್ಸಿನ ಸೂತ್ರದಿಂದ ನಳಿಕೆಯ ಅಳತೆ ನಿರ್ಧರಿಸುವ ರೂಢಿಯೂ ಇಂತಹ ಗಾತ್ರದ ಮಗುವಿನಲ್ಲಿ ನೆಚ್ಚತಕ್ಕದ್ದಲ್ಲ; ಒಂದು ಅಳತೆ ಹೆಚ್ಚಿನದನ್ನೂ ಒಂದು ಅಳತೆ ಕಡಿಮೆಯದನ್ನೂ ತೆರೆದಿಟ್ಟುಕೊಂಡಿರುತ್ತೇವೆ.

ನಳಿಕೆ ಹಾಕುವಾಗಿನಷ್ಟೇ ಎಚ್ಚರ ತೆಗೆಯುವಾಗಲೂ ಬೇಕು. ಮಗು ಪೂರ್ತಿಯಾಗಿ ಎಚ್ಚೆತ್ತು, ಕಣ್ಣು ತೆರೆದು, ಕೈಕಾಲು ಬಲವಾಗಿ ಆಡಿಸುವವರೆಗೆ ತೆಗೆಯುವುದಿಲ್ಲ. ಆ ರಾತ್ರಿ ಆಮ್ಲಜನಕದ ಮಟ್ಟವನ್ನು ಬಿಡದೆ ಗಮನಿಸುವ ಹಾಸಿಗೆ ಬೇಕೇ ಬೇಕು. ಸಂಜೆಯೇ ಮನೆಗೆ ಕಳುಹಿಸುವ ಆಪರೇಷನ್ ಇದಲ್ಲ.

ಇನ್ನು ಹರ್ನಿಯಾದ ಬಗ್ಗೆ. ಹೊಕ್ಕುಳ ಹರ್ನಿಯಾಗಳು ಬಹುಮಟ್ಟಿಗೆ ನಾಲ್ಕೈದು ವರ್ಷದೊಳಗೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಈ ಸಿಂಡ್ರೋಮಿನಲ್ಲಿ ಅವು ಸ್ವಲ್ಪ ದೊಡ್ಡದಾಗಿರಬಹುದಾದರೂ, ಉಬ್ಬು ಮೆತ್ತಗಿದ್ದು ಒತ್ತಿದರೆ ಒಳಗೆ ಹೋಗುತ್ತಿದ್ದರೆ ಆತುರವೇಕೆ ಎಂದು ಸರ್ಜನ್‌ರನ್ನು ಧೈರ್ಯವಾಗಿ ಕೇಳಿರಿ. ಉಬ್ಬು ಗಟ್ಟಿಯಾಗಿ, ಮುಟ್ಟಿದರೆ ಮಗು ಚೀರಿ, ಬಣ್ಣ ಬದಲಾಗಿ, ವಾಂತಿ ಶುರುವಾದರೆ ಮಾತ್ರ ಅದು ತುರ್ತು. ಆಗ ಕಾಯುವಂತಿಲ್ಲ.

ಉತ್ತರ 2 (ಮಕ್ಕಳ ಹಾರ್ಮೋನ್ ತಜ್ಞ, ಮಂಗಳೂರು)

ಮೇಡಂ ಅವರು ನಾಲಿಗೆಯ ಬಗ್ಗೆ ಎಲ್ಲವನ್ನೂ ಹೇಳಿದ್ದಾರೆ. ಸಕ್ಕರೆಯ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ "ರಾತ್ರಿ ಹತ್ತರ ನಂತರ ನೀರೂ ಬೇಡ" ಎಂಬ ಸಾಲನ್ನು ಓದಿ ನನಗೆ ಗಾಬರಿಯಾಯಿತು.

ಈ ಸಿಂಡ್ರೋಮಿನ ಸುಮಾರು ಅರ್ಧದಷ್ಟು ಶಿಶುಗಳಲ್ಲಿ ಹುಟ್ಟಿದ ಹೊಸತರಲ್ಲಿ ಸಕ್ಕರೆ ಕುಸಿಯುತ್ತದೆ. ಮೇದೋಜೀರಕ ಗ್ರಂಥಿ ಬೇಡದ ಹೊತ್ತಿನಲ್ಲೂ ಇನ್ಸುಲಿನ್ ಸುರಿಸುವುದು ಅದಕ್ಕೆ ಕಾರಣ. ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ತಮ್ಮ ಮಗಳಂತೆ ತಿಂಗಳುಗಟ್ಟಲೆ ಡಯಾಜಾಕ್ಸೈಡ್ ಬೇಕಾದವರು ಸ್ವಲ್ಪ ಬೇರೆಯ ಗುಂಪಿಗೆ ಸೇರುತ್ತಾರೆ. ಸಾಮಾನ್ಯ ಮಗು ಹಸಿದಿದ್ದಾಗ ಸಕ್ಕರೆ ಕಡಿಮೆಯಾದರೆ ದೇಹ ಕೊಬ್ಬನ್ನು ಕರಗಿಸಿ ಕೀಟೋನ್‌ಗಳನ್ನು ತಯಾರಿಸುತ್ತದೆ, ಮಿದುಳು ಅದರಿಂದ ಕಾಲ ತಳ್ಳುತ್ತದೆ. ಇನ್ಸುಲಿನ್ ಹೆಚ್ಚಾಗಿದ್ದರೆ ಆ ದಾರಿಯೂ ಮುಚ್ಚಿರುತ್ತದೆ. ಸಕ್ಕರೆಯೂ ಇಲ್ಲ, ಅದರ ಬದಲಿಯೂ ಇಲ್ಲ. ಈ ಸಿಂಡ್ರೋಮಿನ ಮಕ್ಕಳ ಬುದ್ಧಿಯ ಬೆಳವಣಿಗೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅದು ಕುಂಠಿತವಾದ ಕಡೆಗಳಲ್ಲಿ ಗಮನಕ್ಕೆ ಬಾರದ, ಚಿಕಿತ್ಸೆ ಸಿಗದ ಸಕ್ಕರೆ ಕುಸಿತ ಒಂದು ಮುಖ್ಯ ಕಾರಣ. ಅದನ್ನು ನಾವೇ ಉಪವಾಸದ ಹೆಸರಿನಲ್ಲಿ ತಂದುಕೊಳ್ಳಬಾರದು.

ಅರಿವಳಿಕೆಯಲ್ಲಿ ಇನ್ನೊಂದು ತೊಡಕಿದೆ. ಸಕ್ಕರೆ ಇಳಿದಾಗ ಎಚ್ಚರವಿರುವ ಮಗು ಬೆವರುತ್ತದೆ, ನಡುಗುತ್ತದೆ, ಮಂಕಾಗುತ್ತದೆ. ಅರಿವಳಿಕೆಯಲ್ಲಿರುವ ಮಗುವಿನಲ್ಲಿ ಈ ಲಕ್ಷಣಗಳು ಕಾಣುವುದಿಲ್ಲ. ಆದ್ದರಿಂದ ಸುಮಾರು ಅರ್ಧ ಗಂಟೆಗೊಮ್ಮೆ ಗ್ಲೂಕೋಮೀಟರಿನಲ್ಲಿ ನೋಡುವುದೊಂದೇ ದಾರಿ. ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಹೋಗಬಾರದೆಂಬುದು ಇಂತಹ ಮಕ್ಕಳಿಗೆ ನಾವು ಇಟ್ಟುಕೊಳ್ಳುವ ಗುರಿ. ಡ್ರಿಪ್‌ನಲ್ಲಿ ಬರೀ ಸಲೈನ್ ಸಾಲದು, ಗ್ಲೂಕೋಸ್ ಇರಬೇಕು. ಕುಸಿದಾಗ ಪ್ರತಿ ಕೆ.ಜಿ.ಗೆ 2 ಮಿ.ಲೀ.ನಂತೆ ಶೇಕಡ 10ರ ಗ್ಲೂಕೋಸ್ ಕೊಡುವುದುಂಟು, ಆದರೆ ಒಮ್ಮೆ ಕೊಟ್ಟು ಸುಮ್ಮನಾದರೆ ಅದೇ ಗ್ಲೂಕೋಸ್ ಇನ್ಸುಲಿನ್ನನ್ನು ಕೆರಳಿಸಿ ಸಕ್ಕರೆ ಮತ್ತೆ ಇಳಿಯಬಹುದು. ಹಾಗಾಗಿ ಅದರ ಹಿಂದೆಯೇ ಡ್ರಿಪ್ ನಿರಂತರವಾಗಿ ಹೋಗುತ್ತಿರಬೇಕು.

ಉಪವಾಸದ ಅವಧಿಯ ಬಗ್ಗೆ ಬಹುಕಾಲದಿಂದ ರೂಢಿಯಲ್ಲಿರುವ ನಿಯಮ ಇದು: ಹಸುವಿನ ಹಾಲು, ಪುಡಿ ಹಾಲು, ರಾಗಿ ಸರಿ, ಗಂಜಿ ಇವಕ್ಕೆ 6 ಗಂಟೆ, ತಾಯಿಯ ಹಾಲಿಗೆ 4 ಗಂಟೆ, ಸಕ್ಕರೆ ನೀರು ಅಥವಾ ತಿರುಳಿಲ್ಲದ ಸೇಬಿನ ರಸದಂತಹ ತಿಳಿಯಾದ ಪಾನೀಯಕ್ಕೆ 2 ಗಂಟೆ. ಯೂರೋಪಿನ ತಜ್ಞರು 2022ರಿಂದ ತಿಳಿ ಪಾನೀಯದ ಅವಧಿಯನ್ನು 1 ಗಂಟೆಗೆ ಇಳಿಸಿದ್ದಾರೆ. ತಮ್ಮ ಆಸ್ಪತ್ರೆ ಯಾವುದನ್ನು ಪಾಲಿಸುತ್ತದೋ ಅದನ್ನೇ ಅನುಸರಿಸಿ, ಆದರೆ ಮಗಳ ಹೆಸರು ಆ ದಿನದ ಪಟ್ಟಿಯಲ್ಲಿ ಮೊದಲನೆಯದಾಗಿರಬೇಕೆಂದು ಒತ್ತಾಯಿಸಿ. ಡಯಾಜಾಕ್ಸೈಡ್ ನಿಲ್ಲಿಸಿದ ಮೇಲೆ ಆಸ್ಪತ್ರೆಯಲ್ಲಿಟ್ಟು ಉಪವಾಸದ ಪರೀಕ್ಷೆ ಮಾಡಿದ್ದರೆ, ಅವಳು ಎಷ್ಟು ಗಂಟೆ ಸುರಕ್ಷಿತವಾಗಿ ಹಸಿದಿರಬಲ್ಲಳು ಎಂಬ ಉತ್ತರ ಡಿಸ್ಚಾರ್ಜ್ ಹಾಳೆಯಲ್ಲಿ ಇರುತ್ತದೆ. ಇಲ್ಲವಾದರೆ ಹಿಂದಿನ ದಿನವೇ ಸೇರಿಸಿ, ಉಪವಾಸ ಶುರುವಾದಾಗಿನಿಂದಲೇ ಗ್ಲೂಕೋಸ್ ಡ್ರಿಪ್ ಹಾಕುವುದು ಒಳ್ಳೆಯದು.

ಉತ್ತರ 3 (ಇದೇ ಸಿಂಡ್ರೋಮಿನ ಹುಡುಗನ ತಾಯಿ, ತುಮಕೂರು)

ಅಣ್ಣಾವರೇ, ನಮ್ಮ ಮಗನಿಗೆ ಸುಮಾರು ಇದೇ ವಯಸ್ಸಿನಲ್ಲಿ ನಾಲಿಗೆ ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆ ಆಯಿತು. ವೈದ್ಯರು ಬರೆದ ಮೇಲೆ ನಾನು ಸೇರಿಸುವುದು ಹೆಚ್ಚಿಲ್ಲ, ಆದರೆ ಆಪರೇಷನ್ ಕೋಣೆಯ ಹೊರಗೆ ನಡೆದುದನ್ನು ಬರೆಯಬಹುದು ಅನಿಸಿತು.

ಆಪರೇಷನ್ ಚೆನ್ನಾಗಿ ಆಯಿತು. ನಾಲಿಗೆಯ ಊತ ಇಳಿಯುವವರೆಗೆ ಮೂಗಿನ ನಳಿಕೆಯನ್ನು ತೆಗೆಯದೆ ಐಸಿಯುನಲ್ಲಿ ಮಲಗಿಸಿದ್ದರು. ಅದನ್ನು ಮುಂಚೆಯೇ ವಿವರಿಸಿದ್ದರಿಂದ ನಮಗೆ ಗಾಬರಿಯಾಗಲಿಲ್ಲ. ತೊಂದರೆಯಾದದ್ದು ವಾರ್ಡಿಗೆ ಬದಲಾಯಿಸುವ ದಿನ. ಟ್ರಾಲಿಯ ಮೇಲೆ ಅವನು ಕೈ ಒದರಿದಾಗ ಡ್ರಿಪ್‌ನ ಸೂಜಿ ಕಿತ್ತುಬಂತು. ಅವನ ಮುಂಗೈ ಗುಂಡುಗುಂಡಗೆ ಇರುವುದರಿಂದ ನರ ಸಿಗುವುದೇ ಕಷ್ಟ. ವಾರ್ಡಿನ ಸಿಸ್ಟರ್ ಎರಡು ಸಲ ಚುಚ್ಚಿ, ಡ್ಯೂಟಿ ಡಾಕ್ಟರ್ ಬರಲಿ ಎಂದು ಕಾದರು. ಬಾಯಲ್ಲಿ ಹೊಲಿಗೆಯಿದ್ದುದರಿಂದ ಅವನು ಏನನ್ನೂ ಕುಡಿಯಲು ಒಪ್ಪುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಹಣೆಯ ಮೇಲೆ ತಣ್ಣನೆಯ ಬೆವರು ಕಾಣಿಸಿತು. ನನ್ನ ಕೈಚೀಲದಲ್ಲೇ ಇದ್ದ ಗ್ಲೂಕೋಮೀಟರಿನಲ್ಲಿ ನೋಡಿದರೆ 48. ಆಮೇಲೆ ಎಲ್ಲರೂ ಓಡಿಬಂದರು, ಸರಿಹೋಯಿತು.

ಆದ್ದರಿಂದ ನನ್ನ ಸಲಹೆ ಇಷ್ಟು: ಎರಡು ಕಡೆ ಸೂಜಿ ಹಾಕಲು ಸಾಧ್ಯವೇ ಎಂದು ಕೇಳಿ. ಒಂದು ಕಿತ್ತರೂ ಇನ್ನೊಂದು ಇರುತ್ತದೆ. ಸ್ವಂತ ಗ್ಲೂಕೋಮೀಟರ್ ಮತ್ತು ಸ್ಟ್ರಿಪ್‌ಗಳನ್ನು ಜೊತೆಯಲ್ಲೇ ಇಟ್ಟುಕೊಳ್ಳಿ. ಹಾಗೆಯೇ ಅವಳು ಮಲಗಿದಾಗ ಗೊರಕೆ ಹೊಡೆಯುವುದನ್ನು, ಉಸಿರು ನಿಂತು ಮತ್ತೆ ಶುರುವಾಗುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ನಾವು ಬಾಯಲ್ಲಿ ಹೇಳಿದ್ದಕ್ಕಿಂತ ಅದನ್ನು ಅರಿವಳಿಕೆ ಡಾಕ್ಟರ್ ಹೆಚ್ಚು ಗಮನವಿಟ್ಟು ನೋಡಿದರು.

ಪ್ರಶ್ನೆ ಕೇಳಿದವರು

ಮೂವರಿಗೂ ಅನಂತ ಧನ್ಯವಾದಗಳು. ಹರ್ನಿಯಾದ ವಿಷಯವನ್ನು ಸದ್ಯಕ್ಕೆ ಬಿಟ್ಟಿದ್ದೇವೆ. ಸರ್ಜನ್ ಸಹ ಬೇಸರಪಟ್ಟುಕೊಳ್ಳದೆ ಒಪ್ಪಿದರು. ಆದರೆ ನಾಲಿಗೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದು ಮಕ್ಕಳ ತಜ್ಞರು ಹೇಳುತ್ತಿದ್ದಾರೆ. ಹಾಗಾದರೆ ಹರ್ನಿಯಾವನ್ನೂ ಅದೇ ಅನಸ್ತೇಷಿಯಾದಲ್ಲಿ ಮುಗಿಸಿಬಿಡಬಹುದೇ? ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುತ್ತಿದ್ದೇವೆ; ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ 4 (ಮಕ್ಕಳ ಅರಿವಳಿಕೆ ತಜ್ಞೆ, ಬೆಂಗಳೂರು)

ಎರಡನ್ನು ಒಂದೇ ಸಲ ಮಾಡುವುದರಲ್ಲಿ ಅರ್ಥವಿದೆ. ಇಂತಹ ಮಗುವಿಗೆ ಅರಿವಳಿಕೆಯ ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ನಾಲಿಗೆಯ ಶಸ್ತ್ರಚಿಕಿತ್ಸೆಯ ದಿನವೇ ಹರ್ನಿಯಾ ಮುಚ್ಚಿದರೆ, ಹೊಟ್ಟೆಯ ಒತ್ತಡ ಹೆಚ್ಚಿ ಉಸಿರಾಟಕ್ಕೆ ಅಡ್ಡಿಯಾಗುವಷ್ಟು ದೊಡ್ಡ ಹರ್ನಿಯಾವೇ ಎಂಬುದನ್ನು ನೋಡಬೇಕು. ಸಣ್ಣದಾದರೆ ಅಡ್ಡಿಯಿಲ್ಲ, ಆದರೆ ಸಣ್ಣದಾದರೆ ತಾನಾಗಿಯೇ ಮುಚ್ಚಿಕೊಳ್ಳುವ ಸಾಧ್ಯತೆಯೂ ಹೆಚ್ಚು. ನಾನಾಗಿದ್ದರೆ ನಾಲಿಗೆಯದನ್ನು ಮಾತ್ರ ಮಾಡಿಸುತ್ತಿದ್ದೆ. ನಾಲಿಗೆ ಸರಿಹೋದ ಮೇಲೆ ಮುಂದಿನ ಅರಿವಳಿಕೆಗಳೂ ಸಾಮಾನ್ಯವಾಗಿ ಸುಲಭವಾಗುತ್ತವೆ.

ನಾಲಿಗೆಯ ಶಸ್ತ್ರಚಿಕಿತ್ಸೆ ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ. ಉಸಿರು ಕಟ್ಟುವುದು, ಆಹಾರ ಸೇವನೆಗೆ ತೊಂದರೆ, ಕೆಳದವಡೆ ಮುಂದಕ್ಕೆ ಬೆಳೆದು ಹಲ್ಲುಗಳು ಕೂಡದಿರುವುದು, ಮಾತಿನ ತೊಡಕು ಇವು ಕಾರಣಗಳು. ತಾವು ವಿವರಿಸಿದ ಗೊರಕೆಯನ್ನು ನೋಡಿದರೆ ಮೊದಲು ಒಂದು ರಾತ್ರಿಯ ನಿದ್ರೆಯ ಪರೀಕ್ಷೆ ಮಾಡಿಸುವುದು ಸೂಕ್ತ.

ಸ್ಕ್ಯಾನಿಂಗ್‌ಗೆ ಖಂಡಿತವಾಗಿ ಸಂಬಂಧವಿದೆ. ಮೂತ್ರಪಿಂಡದ ವಿಲ್ಮ್ಸ್ ಗಡ್ಡೆ ಮತ್ತು ಯಕೃತ್ತಿನ ಹೆಪಟೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗಡ್ಡೆಗಳು ಈ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದರಿಂದಲೇ ಆ ಸ್ಕ್ಯಾನಿಂಗ್ ಮತ್ತು ರಕ್ತದ ಎಎಫ್‌ಪಿ (ಯಕೃತ್ತಿನ ಗಡ್ಡೆಯ ಸುಳಿವು ಕೊಡುವ ಪ್ರೋಟೀನ್) ಪರೀಕ್ಷೆ. ವಿಲ್ಮ್ಸ್ ಗಡ್ಡೆಯಿದ್ದರೆ ರಕ್ತದೊತ್ತಡ ಏರಬಹುದು, ಕೆಲವೊಮ್ಮೆ ರಕ್ತ ಹೆಪ್ಪುಗಟ್ಟುವ ಕ್ರಿಯೆಯೂ ಏರುಪೇರಾಗಬಹುದು. ಎರಡೂ ನಮಗೆ ಮುಂಚೆಯೇ ತಿಳಿದಿರಬೇಕು. ಆದ್ದರಿಂದ ಆಪರೇಷನ್ ದಿನಾಂಕವನ್ನು ಒಂದು ಸ್ಕ್ಯಾನಿಂಗ್ ಆದ ಬೆನ್ನಲ್ಲೇ ಇಟ್ಟುಕೊಳ್ಳಿ, ಜೊತೆಗೆ ಹೃದಯದ ಎಕೋ ಮತ್ತು ಇಸಿಜಿ ಮಾಡಿಸಿ.

ಉತ್ತರ 5 (ಅರಿವಳಿಕೆ ವೈದ್ಯ, ಜಿಲ್ಲಾ ಆಸ್ಪತ್ರೆ)

ಊರಿನ ವೈದ್ಯರ ಪರವಾಗಿ ಒಂದು ಮಾತು. ನಮ್ಮಲ್ಲಿಗೂ ಇಂತಹ ಮಕ್ಕಳು ಬರುತ್ತಾರೆ, ನಾವು ಮುಂದಕ್ಕೆ ಕಳುಹಿಸುತ್ತೇವೆ. ಅದು ಧೈರ್ಯದ ಕೊರತೆಯಿಂದಲ್ಲ. ಮಗುವಿನ ಅಳತೆಯ ಸ್ಕೋಪ್, ಎರಡನೆಯ ಕೈ, ಮಕ್ಕಳ ಐಸಿಯು ಈ ಮೂರೂ ಒಟ್ಟಿಗೆ ನಮ್ಮಲ್ಲಿ ಇರುವುದಿಲ್ಲ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂತಹ ಸರ್ಕಾರಿ ಮಕ್ಕಳ ಆಸ್ಪತ್ರೆಯಲ್ಲಾಗಲಿ, ದೊಡ್ಡ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಾಗಲಿ ಈ ಮೂರೂ ಇವೆಯೇ ಎಂದು ಕೇಳಿಯೇ ದಿನಾಂಕ ನಿಗದಿಮಾಡಿಕೊಳ್ಳಿ. ಸರ್ಜನ್‌ರನ್ನು ಕಂಡರೆ ಸಾಲದು, ಅರಿವಳಿಕೆ ವಿಭಾಗದ ತಪಾಸಣೆಯನ್ನು ಕೆಲವು ವಾರ ಮೊದಲೇ ಮಾಡಿಸಿ. ಹಾವೇರಿಯಿಂದ ಹೊರಡುವ ಮುನ್ನ ಮಗುವಿಗೆ ನೆಗಡಿ, ಕೆಮ್ಮು, ಜ್ವರ ಕಾಣಿಸಿಕೊಂಡರೆ ಫೋನ್ ಮಾಡಿ ತಿಳಿಸಿ. ಸಾಮಾನ್ಯವಾಗಿ ಕೆಲವು ವಾರ ಮುಂದೂಡುತ್ತಾರೆ.

ಆಪರೇಷನ್ ಮುಗಿದ ಮೇಲೆ ಅರಿವಳಿಕೆಯ ವಿವರವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ: ಮಾಸ್ಕಿನಿಂದ ಗಾಳಿ ಸುಲಭವಾಗಿ ಹೋಯಿತೇ, ಯಾವ ಉಪಕರಣದಿಂದ ನಳಿಕೆ ಹಾಕಿದರು, ನಳಿಕೆಯ ಅಳತೆ ಎಷ್ಟು, ಸಕ್ಕರೆ ಎಷ್ಟಕ್ಕೆ ಇಳಿಯಿತು, ಎಷ್ಟು ಗ್ಲೂಕೋಸ್ ಬೇಕಾಯಿತು. ಮುಂದೊಂದು ದಿನ ಅಪೆಂಡಿಕ್ಸ್ ಎಂದೋ ಕೈ ಮುರಿಯಿತೆಂದೋ ಅವಳನ್ನು ನಡುರಾತ್ರಿ ನಮ್ಮಂತಹವರ ಬಳಿ ಕರೆತರಬೇಕಾಗಿ ಬಂದರೆ, ಆ ಒಂದು ಹಾಳೆಯಿಂದ ನಮ್ಮ ಅರ್ಧ ಕೆಲಸ ಹಗುರವಾಗುತ್ತದೆ.